ಅಮ್ಮನ ನಾಡಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಗಟ್ಟಿಗಿತ್ತಿ ಎನ್ನುತ್ತಿದ್ದರು. ಹೆರಿಗೆ ವಾರ್ಡಿನ ಹಿರಿಯ ನರ್ಸು ಅವಳು. ಕಾಲು ಮುಂದಾಗಿ ಬಂದ ಕೂಸನ್ನು ಕೆಟ್ಟುನಿಂತ ಲಿಫ್ಟಿನೊಳಗೇ ಹೆರಿಸಿದವಳು. ಬಾಗಿಲಲ್ಲಿ ಕೂಗಾಡುವ ಗಂಡಂದಿರನ್ನು ಬಾಯಿ ತೆರೆಯದೆ, ಕಣ್ಣಲ್ಲೇ ಬೆಂಚಿನ ಮೇಲೆ ಕೂರಿಸುವವಳು. ಇಂಥವಳಿಗೆ ಭಯ ಹಿಡಿದಿದೆ ಎಂದರೆ ಯಾರು ನಂಬುತ್ತಾರೆ? ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಎಂದು ನಗುತ್ತಾರೆ, ಅಷ್ಟೆ. ಹಾಗಾಗಿ ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಭಯ ಯಾವತ್ತು ಶುರುವಾಯಿತೆಂದು ಅವಳಿಗೇ ಗೊತ್ತಿಲ್ಲ. ಒಂದು ಬೆಳಿಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಮಲಗಿದ್ದ ಗಂಡನ ಮಣಿಕಟ್ಟು ಅವಳ ಬೆರಳುಗಳ ನಡುವೆ ಇತ್ತು. ನಿದ್ದೆಯಲ್ಲೇ ನಾಡಿ ಹಿಡಿದಿದ್ದಳು. ಆಮೇಲೆ ಅದೇ ರೂಢಿಯಾಯಿತು. ಗಂಡ ದರ್ಜಿ, ಮಾತಿಗೆ ಮುಂಚೆ ನಗುವ ಮನುಷ್ಯ. “ಇನ್ನೂ ಇದ್ದೀನಿ ಕಣೇ. ಹೋಗೋ ದಿನ ನಿಂಗೆ ಹೇಳ್ದೆ ಹೋಗ್ತೀನಾ?” ಎಂದ. ಅವಳೂ ನಕ್ಕಳು. ಆದರೆ ಮೆಟ್ಟಿಲಿಳಿದವಳು ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಮತ್ತೆ ಹತ್ತಿ ಬಂದಳು. “ಆರಿದೆ ಅಮ್ಮ, ನಾನೇ ನೋಡ್ದೆ” ಎಂದು ಮಗಳು ಕಾಲೇಜಿನ ಚೀಲ ಹೆಗಲಿಗೇರಿಸುತ್ತ ಹೇಳಿದರೂ, ಹೋಗಿ ಒಲೆಯ ಕಿವಿ ತಿರುವಿ ನೋಡಿಯೇ ಬಂದಳು. ಬಸ್ಸಿನಿಂದ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣಿಸಿದ ಕೂಡಲೇ ಮುಖ ಆಚೆ ತಿರುಗಿಸುತ್ತಿದ್ದಳು.

ಮೊದಲೆಲ್ಲ ವಾರ್ಡಿನಲ್ಲಿ ಜಗಳವಾಡುವಷ್ಟು ಜನರಿದ್ದರು. ಈಗ ಜಗಳಕ್ಕೂ ಜನ ಸಾಲದು. ಒಬ್ಬಳು ಬೆನ್ನುನೋವೆಂದು ಬಿಟ್ಟಳು, ಒಬ್ಬಳು ವಿಮೆ ಮಾರಲು ಹೋದಳು, ಒಬ್ಬಳು ಗಂಡನ ಮೇಲೆ ನೆಪ ಹಾಕಿದಳು. ಇನ್ನೊಬ್ಬಳು ನಡುಹಗಲು ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಸಿ, ಟೀ ಕುಡಿಯಲು ಹೋಗುವವಳ ಹಾಗೆ ಗೇಟು ದಾಟಿದವಳು ತಿರುಗಿ ಬರಲೇ ಇಲ್ಲ. ಹೋದವರ ಹಾಸಿಗೆಗಳು ಎಲ್ಲಿಗೂ ಹೋಗಲಿಲ್ಲ. ಉಳಿದವರ ಪಾಲಿಗೆ ಬಂದವು. ರಾತ್ರಿ ಪಾಳಿಗೆ ಬೇರೆಯವರಿದ್ದರು. ಹಗಲಿಡೀ ವಾರ್ಡು ನಡೆಯುತ್ತಿದ್ದುದು ಗಟ್ಟಿಗಿತ್ತಿ ಮತ್ತು ಅವಳ ಕೈಕೆಳಗೆ ಕಲಿತ, ಎಲ್ಲರೂ ಚೂಟಿ ಎಂದು ಕರೆಯುವ ಕಿರಿಯ ನರ್ಸು, ಈ ಇಬ್ಬರ ಕಾಲಮೇಲೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಆಸ್ಪತ್ರೆಯವರು ಒತ್ತಡ ಕಡಿಮೆ ಮಾಡುವುದು ಹೇಗೆ ಎಂದು ಒಂದು ಉಪನ್ಯಾಸ ಇಡಿಸಿದರು. ಪಾಳಿಯಲ್ಲಿದ್ದವರಿಗೆ ಬಿಡುವಿಲ್ಲ, ಹಾಗಾಗಿ ರಜೆಯಲ್ಲಿದ್ದವರನ್ನು ಮನೆಯಿಂದ ಕರೆಸಿದರು. ಇಸ್ತ್ರಿ ಅಂಗಿಯ ಒಬ್ಬಾತ ಎಲ್ಲರೂ ಕಣ್ಣು ಮುಚ್ಚಿ ಒಂದು ಕೆರೆಯನ್ನು ಕಲ್ಪಿಸಿಕೊಳ್ಳಿ ಎಂದ. ಗಟ್ಟಿಗಿತ್ತಿ ಕಣ್ಣು ಮುಚ್ಚಿದಳು. ಕೆರೆ ಬರಲಿಲ್ಲ, ನಿದ್ದೆ ಬಂತು. ಕೊನೆಯಲ್ಲಿ ಎಲ್ಲರಿಗೂ ಒಂದೊಂದು ನೀರಿನ ಬಾಟಲಿ ಕೊಟ್ಟು ಮೂಗಿಗೆ ತುಪ್ಪ ಸವರಿ ಕಳಿಸಿದರು.

ಆ ವಾರವೇ ಮೇಟ್ರನ್ ಅವಳನ್ನು ಕರೆಸಿದಳು. ವಾರ್ಡುಗಳ ನರ್ಸುಗಳಿಗೆಲ್ಲ ಮೇಲಿನವಳು ಈ ಮೇಟ್ರನ್. ಒಳ್ಳೆಯವಳೇ, ಆದರೆ ಸದಾ ತಲೆ ಮೇಲೆ ಬಂಡೆ ಹೊತ್ತವಳ ಹಾಗೆ ಕತ್ತು ನೇರ ಮಾಡಿ ಕೂರುವವಳು.

“ಚೂಟಿ ಬಿಡ್ತಾಳಂತೆ. ಕಣ್ಣಿನ ಆಸ್ಪತ್ರೆಗೆ ಸೇರ್ತಾಳಂತೆ. ನಿನ್ನ ಮಾತು ಅಂದ್ರೆ ಕೇಳ್ತಾಳೆ. ಹೇಗಾದ್ರೂ ಮಾಡಿ ನಿಲ್ಸು ಮಾರಾಯ್ತಿ.”

ಚೂಟಿ ಹೋದರೆ ತಾನೊಬ್ಬಳೇ ಎಂದುಕೊಂಡಳು ಗಟ್ಟಿಗಿತ್ತಿ. ಒಬ್ಬಳೇ ಆದರೆ ಇವತ್ತಲ್ಲ ನಾಳೆ ತನ್ನ ಕೈಯಿಂದ ಒಂದು ಕೂಸು ಸಾಯುತ್ತದೆ. ಇದು ಅವಳಿಗೆ ಅನುಮಾನವಾಗಿರಲಿಲ್ಲ; ನಾಳೆ ಸೂರ್ಯ ಹುಟ್ಟುತ್ತಾನೆ ಎಂಬಷ್ಟು ಖಚಿತವಾಗಿತ್ತು. ಇತ್ತೀಚೆಗೆ ಹೇಳಿದ್ದು ಮರೆಯುತ್ತಿತ್ತು, ಕೈಯಲ್ಲಿ ಹಿಡಿದ ಕತ್ತರಿಯನ್ನೇ ಟ್ರೇಯಲ್ಲಿ ಹುಡುಕುತ್ತಿದ್ದಳು. ಪ್ರತಿ ಸಲವೂ ಚೂಟಿ ಏನೂ ಅನ್ನದೆ ಬೇಕಾದ್ದನ್ನು ಮುಂದೆ ಹಿಡಿಯುತ್ತಿದ್ದಳು. ಬೆಣ್ಣೆಯಿಂದ ಕೂದಲೆಳೆದಷ್ಟು ನಯವಾಗಿ, ಯಾರಿಗೂ ಕಾಣದ ಹಾಗೆ.

“ಆಗ್ಲಿ ಮೇಡಂ, ಹೇಳ್ತೀನಿ” ಎಂದಳು.

ಚೂಟಿ ಬಟ್ಟೆ ಕೋಣೆಯಲ್ಲಿ ಒಗೆದು ಬಂದ ಹೊದಿಕೆಗಳನ್ನು ಮಡಿಸುತ್ತಿದ್ದಳು. ಗಟ್ಟಿಗಿತ್ತಿ ಇನ್ನೊಂದು ತುದಿ ಹಿಡಿದುಕೊಂಡಳು.

“ಕಣ್ಣಿನ ಆಸ್ಪತ್ರೇಲಿ ಏನಿದೆಯೇ?”

“ಅಲ್ಲಿ ಯಾರೂ ಹೆರಲ್ಲ, ಯಾರೂ ಸಾಯಲ್ಲ ಅಕ್ಕ. ಗೋಡೆ ಮೇಲಿನ ಅಕ್ಷರ ಓದ್ತಾರೆ, ಮನೆಗೆ ಹೋಗ್ತಾರೆ.”

“ಬೇಜಾರು ಹಿಡಿಯುತ್ತೆ ನಿಂಗೆ.”

“ಹಿಡೀಲಿ. ಬೇಜಾರಾಗೋಕೆ ಪುರುಸೊತ್ತು ಸಿಕ್ಕಿ ಎಷ್ಟು ವರ್ಷ ಆಯ್ತು!” ಚೂಟಿ ನಕ್ಕಳು. ಆಮೇಲೆ ಹೊದಿಕೆಯ ಅಂಚು ನೇವರಿಸುತ್ತ, “ನಾನು ಮನೆಗೆ ಹೋದ ಕೂಡ್ಲೆ ನನ್ನ ಮಗ ಬಾಗಿಲ ಹಿಂದೆ ನಿಂತ್ಕೊಂಡು ಕೇಳ್ತಾನೆ ಅಕ್ಕ, ಅಮ್ಮ, ಇವತ್ತು ಬೈತೀಯಾ ಅಂತ. ಬೈಯೋದಾದ್ರೆ ಪಕ್ಕದ ಮನೆಗೆ ಹೋಗ್ತಾನಂತೆ. ಇನ್ನೂ ಶಾಲೆಗೆ ಸೇರಿಲ್ಲ ಅವನು” ಎಂದಳು.

ಗಟ್ಟಿಗಿತ್ತಿಗೆ ಕರುಳು ಚುರ್ ಎಂದಿತು. ಆದರೆ ಅವಳ ಭಯ ಕರುಳಿಗಿಂತ ದೊಡ್ಡದಾಗಿತ್ತು. “ಮಕ್ಕಳು ಮರೆತುಬಿಡ್ತಾವೆ ಕಣೇ. ಹೊಸಬರನ್ನ ತಗೋತಾರಂತೆ, ಮೇಟ್ರನ್ ಹೇಳಿದ್ರು. ಸ್ವಲ್ಪ ದಿನ ತಡ್ಕೋ” ಎಂದಳು. ಮೇಟ್ರನ್ ಅಂಥದ್ದೇನೂ ಹೇಳಿರಲಿಲ್ಲ. ಇಬ್ಬರೂ ಹೊದಿಕೆಯ ಮೂಲೆಗೆ ಮೂಲೆ ಸೇರಿಸುತ್ತ ಎದುರುಬದುರಾದಾಗ ಚೂಟಿ ಅವಳ ಮುಖ ನೋಡಿದಳು. ಸುಳ್ಳೆಂದು ಗೊತ್ತಾಗಿರಬೇಕು. ಇನ್ನೊಂದು ಹೊದಿಕೆ ಕೈಗೆತ್ತಿಕೊಂಡಳು.

ಹೆರಿಗೆ ಕೋಣೆಯಲ್ಲಿ ಒಂದು ಪಾಠವಿದೆ. ಬಸುರಿಯ ಹೊಟ್ಟೆಗೆ ಪಟ್ಟಿ ಕಟ್ಟಿದರೆ ಯಂತ್ರವು ಮಗುವಿನ ಎದೆಬಡಿತವನ್ನು ಕೇಳಿಸುತ್ತದೆ, ಕಾಗದದ ಮೇಲೆ ಗೆರೆ ಎಳೆಯುತ್ತದೆ. ಆದರೆ ಯಂತ್ರಕ್ಕೆ ಬಡಿತ ಗೊತ್ತೇ ಹೊರತು ಅದು ಯಾರದ್ದೆಂದು ಗೊತ್ತಿಲ್ಲ. ನೋವು ಬಂದಾಗ ತಾಯಿಯ ನಾಡಿಯೂ ಓಡುತ್ತದೆ, ಓಡಿ ಓಡಿ ಮಗುವಿನ ಬಡಿತದ ವೇಗಕ್ಕೇ ಬಂದು ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಪಟ್ಟಿ ಒಂದಿಷ್ಟು ಜಾರಿದರೂ ಸಾಕು, ಯಂತ್ರ ತಾಯಿಯನ್ನು ಹಿಡಿದುಕೊಂಡು ಮಗು ಚೆನ್ನಾಗಿದೆ ಎನ್ನುತ್ತದೆ. ಅದಕ್ಕೇ ಕೇಳುವಾಗ ಒಂದು ಕೈ ತಾಯಿಯ ಮಣಿಕಟ್ಟಿನ ಮೇಲಿರಬೇಕು. ಎರಡು ಬಡಿತ ತಮ್ಮ ತಮ್ಮ ಪಾಡಿಗೆ ನಡೆದರೆ ಸರಿ. ಎರಡೂ ಒಟ್ಟೊಟ್ಟಿಗೆ ಬಿದ್ದರೆ ಕೇಳುತ್ತಿರುವುದು ತಾಯಿಯನ್ನು. ಮಗುವನ್ನು ಯಾರೂ ಕೇಳುತ್ತಿಲ್ಲ ಎಂದರ್ಥ. ಚೂಟಿಗೆ ಈ ಪಾಠವನ್ನು ಬೆರಳಗಂಟಿಗೆ ಹೊಡೆದು ಹೊಡೆದು ಕಲಿಸಿದವಳು ಗಟ್ಟಿಗಿತ್ತಿಯೇ.

ಮಾರನೆಯ ಮಧ್ಯಾಹ್ನ ಒಟ್ಟಿಗೇ ಎಲ್ಲ ಹಾಸಿಗೆ ತುಂಬಿದವು. ಚೂಟಿ ಒಂದು ಕೋಣೆಯಲ್ಲಿ ಅವಳಿ ಮಕ್ಕಳ ತಾಯಿಯ ಜೊತೆ ಸಿಕ್ಕಿಕೊಂಡಿದ್ದಳು. ಗಟ್ಟಿಗಿತ್ತಿಯ ಪಾಲಿಗೆ ಕಿಟಕಿ ಪಕ್ಕದ ಕೋಣೆಯ ಚೊಚ್ಚಲ ಹೆರಿಗೆ, ಜೊತೆಗೆ ಹಜಾರದ ಅಷ್ಟೂ ಹಾಸಿಗೆ. ಚೊಚ್ಚಲಿನವಳು ತೆಳ್ಳನೆಯ ಹುಡುಗಿ. ನೋವು ಬಂದಾಗಲೆಲ್ಲ ಮಂಚದ ಸರಳು ಹಿಡಿದು ಪಕ್ಕಕ್ಕೆ ಹೊರಳುತ್ತಿದ್ದಳು. ಗಟ್ಟಿಗಿತ್ತಿ ಒಳಗೆ ಬರುವುದು, ಯಂತ್ರದ ಸದ್ದು ಕೇಳುವುದು, ಹಜಾರಕ್ಕೆ ಓಡುವುದು, ಮತ್ತೆ ಬರುವುದು. ಟಕ್ ಟಕ್ ಟಕ್ ಎಂದು ಒಂದೇ ಸಮನೆ ಓಡುತ್ತಿತ್ತು. ಹಿಂದೆ ಅಂಥ ಸದ್ದು ಕೇಳಿದರೆ ಅವಳು ಕೈಯಿಟ್ಟು ನೋಡುತ್ತಿದ್ದಳು. ಇವತ್ತು ಯಂತ್ರದ ಕಿವಿ ತಿರುವಿ ಸದ್ದನ್ನು ಇನ್ನಷ್ಟು ಜೋರು ಮಾಡಿದಳು, ಹಜಾರದಲ್ಲಿದ್ದಾಗಲೂ ಕೇಳಿಸಲಿ ಎಂದು. ಆ ಸದ್ದು ಅವಳಿಗೆ ಬೇಕಾಗಿತ್ತು. ಹೆದರಿದ ಮನಸ್ಸಿಗೆ ನಿಜ ಯಾಕೆ ಬೇಕು, ಸಮಾಧಾನ ಸಿಕ್ಕಿದರೆ ಸಾಕು.

“ಮಗು ಚೆನ್ನಾಗಿದ್ಯಾ ಸಿಸ್ಟರ್?” ಹುಡುಗಿ ಕೇಳಿದಳು.

“ಕೇಳಿಸ್ತಿಲ್ವಾ? ಕುದುರೆ ಓಡ್ದಂಗೆ ಓಡ್ತಿದೆ” ಎಂದಳು ಗಟ್ಟಿಗಿತ್ತಿ.

ಸ್ವಲ್ಪ ಹೊತ್ತಿಗೆ, ಅವಳಿಗಳ ತಾಯಿಯ ನೋವು ಕೊಂಚ ತಗ್ಗಿದಾಗ, ಚೂಟಿ ಕೈಗವಸಿನ ಡಬ್ಬಿ ಕೇಳಲು ಬಾಗಿಲಿಗೆ ಬಂದಳು. ಆಗಲೇ ಹುಡುಗಿಗೆ ನೋವು ಏರಿ, ಹತ್ತಿರ ಯಾರಿದ್ದರೂ ಸರಿ ಎಂಬಂತೆ ಕೈ ಚಾಚಿದಳು. ಚೂಟಿ ಆ ಕೈ ಹಿಡಿದುಕೊಂಡಳು. ಸಮಾಧಾನಕ್ಕೆಂದು ಹಿಡಿದದ್ದು, ಆದರೆ ಅಭ್ಯಾಸಬಲ, ಬೆರಳುಗಳು ತಾವಾಗಿಯೇ ಮಣಿಕಟ್ಟಿಗೆ ಜಾರಿದವು. ಚೂಟಿಯ ಮುಖ ಯಂತ್ರದ ಕಡೆಗೆ ತಿರುಗಿತು. ತುಟಿ ಅಲ್ಲಾಡದ ಹಾಗೆ, ತೀರಾ ಮೆಲ್ಲಗೆ ಹೇಳಿದಳು:

“ಅಕ್ಕಾ, ಇದು ಅಮ್ಮಂದು.”

ಗಟ್ಟಿಗಿತ್ತಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮುಂದೆ ಬಂದು ಪಟ್ಟಿ ಸರಿಸಬೇಕು. ಕಾಲು ನೆಲ ಬಿಟ್ಟು ಏಳಲಿಲ್ಲ. ಚೂಟಿಯೇ ಪಟ್ಟಿ ಸಡಿಲಿಸಿ, ಹೊಟ್ಟೆಯ ಕೆಳಬದಿಗೆ ಒತ್ತಿ ಹುಡುಕಿದಳು. ಕುದುರೆಯ ಓಟ ನಿಂತಿತು. ಕೋಣೆಯಲ್ಲಿ ಒಂದು ಕ್ಷಣ ಸರಸರ ಸದ್ದು ಮಾತ್ರ. ಆಮೇಲೆ ಎಲ್ಲೋ ಆಳದಿಂದ ಒಂದು ಬಡಿತ. ತಡೆದು, ಇನ್ನೊಂದು. ಮುದುಕರು ಮೆಟ್ಟಿಲು ಹತ್ತುವಷ್ಟು ನಿಧಾನ.

“ಡಾಕ್ಟರಮ್ಮನ್ನ ಕರೀರಿ ಅಕ್ಕ! ಓಡಿ!”

ಓಡಿದಳು. ಡಾಕ್ಟರಮ್ಮ ಬಂದಳು, ಮಗುವಿನ ತಲೆಗೆ ಗಾಳಿ ಹೀರಿ ಕಚ್ಚಿಕೊಳ್ಳುವ ಬಟ್ಟಲು ಹಾಕಿ ಎಳೆದಳು. ಹೊರಬಂದ ಗಂಡುಕೂಸು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಬಣ್ಣವಿಲ್ಲ, ಅಳುವಿಲ್ಲ. ಚೂಟಿ ಮೇಜಿನ ದೀಪದಡಿ ಅದನ್ನಿಟ್ಟು ಒರೆಸಿದಳು, ಮೂತಿಗೆ ಮುಖವಾಡವಿಟ್ಟು ಗಾಳಿಚೀಲ ಒತ್ತತೊಡಗಿದಳು. ಗಟ್ಟಿಗಿತ್ತಿ ಪಕ್ಕದಲ್ಲೇ ನಿಂತಿದ್ದಳು. ಲೆಕ್ಕವಿಲ್ಲದಷ್ಟು ಮಕ್ಕಳನ್ನು ಇದೇ ಮೇಜಿನ ಮೇಲೆ ಎಬ್ಬಿಸಿದವಳು ಈಗ ಆ ಪುಟ್ಟ ಎದೆಯನ್ನು ನೋಡುತ್ತ ನಿಂತಿದ್ದಳು, ಎರಡೂ ಕೈ ಏಪ್ರನ್ನಿನೊಳಗೆ ಮುಚ್ಚಿಟ್ಟುಕೊಂಡು. ಮಂಚದ ಮೇಲಿನ ಹುಡುಗಿ, “ಯಾಕೆ ಅಳ್ತಿಲ್ಲ? ಯಾಕೆ ಯಾರೂ ಮಾತಾಡ್ತಿಲ್ಲ?” ಎಂದು ಕೇಳುತ್ತಲೇ ಇದ್ದಳು. ಉತ್ತರ ಕೊಡಬೇಕಾದವಳು ತಾನೇ ಎಂದು ಗಟ್ಟಿಗಿತ್ತಿಗೆ ಗೊತ್ತಿತ್ತು.

ಕೂಸು ಒಮ್ಮೆ ಬಿಕ್ಕಿತು. ಮತ್ತೊಮ್ಮೆ. ಆಮೇಲೆ ಬಾಗಿಲು ಕಿರುಗುಟ್ಟಿದ ಹಾಗೆ ಸಣ್ಣಗೆ ಅತ್ತು, ಸ್ವಲ್ಪ ಸ್ವಲ್ಪವಾಗಿ ಕೆಂಪಾಯಿತು.

“ಸರಿಯಾದ ಹೊತ್ತಿಗೆ ಹಿಡಿದ್ರಿ, ಇಲ್ದಿದ್ರೆ ಕಷ್ಟ ಇತ್ತು” ಎಂದು ಡಾಕ್ಟರಮ್ಮ ಕೈ ತೊಳೆದು ಹೋದಳು. ಹುಡುಗಿ ಗಟ್ಟಿಗಿತ್ತಿಯ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡು, “ನಿಮ್ಮಿಂದ ಉಳೀತು ಸಿಸ್ಟರ್” ಎಂದಳು. ಆ ಕೈಯನ್ನು ಕಿತ್ತುಕೊಂಡು ಎಲ್ಲಾದರೂ ಎಸೆದುಬಿಡಬೇಕೆನ್ನಿಸಿತು ಅವಳಿಗೆ.

ಉಪಕರಣ ತೊಳೆಯುವ ಕೋಣೆಯಲ್ಲಿ ಇಬ್ಬರೇ ಉಳಿದಾಗ ಚೂಟಿ ನಲ್ಲಿ ತಿರುಗಿಸಿ, ಬೆನ್ನು ಹಾಕಿಯೇ ಹೇಳಿದಳು: “ನಾನು ಹೋಗಲ್ಲ ಅಕ್ಕ. ಕಣ್ಣಿನ ಆಸ್ಪತ್ರೆಯವರಿಗೆ ಇವತ್ತೇ ಫೋನ್ ಮಾಡಿ ಬೇಡ ಅಂತೀನಿ.”

ಗಟ್ಟಿಗಿತ್ತಿಗೆ ಮೊದಲು ಬಂದದ್ದು ಸಂತೋಷ. ನಾಚಿಕೆಗೇಡಿ ಸಂತೋಷ, ಆದರೂ ಬಂತು. “ನನಗೋಸ್ಕರಾನಾ?” ಎಂದು ಕೇಳಿದಳು.

“ನಿಮಗೋಸ್ಕರ ಅಲ್ಲ.” ಚೂಟಿ ನೀರು ಸೋರುವ ಕೈಯಿಂದ ಗೋಡೆಯಾಚೆಗಿನ ಹಾಸಿಗೆಗಳ ಕಡೆ ತೋರಿಸಿದಳು. “ಅವರಿಗೋಸ್ಕರ.”

ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ಒಳ್ಳೆಯದಿತ್ತು. ಬೇಡ ಹೋಗೇ, ನಿನ್ನ ಮಗ ಬಾಗಿಲ ಹಿಂದೆ ನಿಂತಿರ್ತಾನೆ ಎಂದು ಹೇಳಬೇಕಾಗಿತ್ತು ಗಟ್ಟಿಗಿತ್ತಿ. ಬಾಯಿಂದ ಬಂದದ್ದು ಮಾತ್ರ “ಆಗ್ಲಿ” ಎಂಬುದೊಂದೇ. ಆ ರಾತ್ರಿ ಗಂಡನ ನಾಡಿ ಹಿಡಿಯಲೂ ಅವಳಿಗೆ ಹೆದರಿಕೆಯಾಯಿತು. ತನ್ನ ಬೆರಳು ಹೇಳುವುದನ್ನು ಇನ್ನು ನಂಬುವುದು ಹೇಗೆ?

ಮುಂದಿನ ವಾರದ ಮೊದಲ ದಿನ, ಮಧ್ಯಾಹ್ನದ ಹೊತ್ತಿಗೆ, ಮೇಟ್ರನ್ ಮತ್ತೆ ಕರೆಸಿದಳು. ಮುಖ ಹೂವಾಗಿತ್ತು.

“ಏನು ಮಂತ್ರ ಹಾಕ್ದೆ ಅವಳಿಗೆ? ನಾನು ಎಷ್ಟು ಹೇಳಿದ್ರೂ ಜಪ್ಪಯ್ಯ ಅಂದಿರ್ಲಿಲ್ಲ. ನಿನ್ನಂಥೋಳು ಇನ್ನಿಬ್ಬರಿದ್ರೆ ಒಬ್ಬರೂ ಆಸ್ಪತ್ರೆ ಬಿಡ್ತಿರ್ಲಿಲ್ಲ ನೋಡು.” ಆಮೇಲೆ ಮೇಜಿನ ಮೇಲೆ ವಾಲಿ, ಸಿಹಿಸುದ್ದಿ ಹೇಳುವವಳ ಹಾಗೆ ಹೇಳಿದಳು: “ಹೇಗೂ ಅವಳು ನಿಂತ್ಲಲ್ಲ. ಇಬ್ಬರು ಗಟ್ಟಿ ಜನ ಒಂದೇ ಹೊತ್ತಿಗೆ ಇರೋದು ದಂಡ. ಬೆಳಗಿನ ಪಾಳಿ ಅವಳದ್ದು, ಮಧ್ಯಾಹ್ನದ್ದು ನಿಂದು. ಇವತ್ತಿಂದಾನೇ. ಅವಳನ್ನ ಆಗ್ಲೇ ಮನೆಗೆ ಕಳಿಸ್ದೆ.”

ಗಟ್ಟಿಗಿತ್ತಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. “ಈಗ ವಾರ್ಡಲ್ಲಿ ಯಾರಿದ್ದಾರೆ?”

“ನೀನೇ. ಹೋಗ್ತೀಯಲ್ಲ ಈಗ.”

“ನನಗೆ ಭಯ ಆಗುತ್ತೆ ಮೇಡಂ.”

ಮೇಟ್ರನ್ ನಕ್ಕಳು. “ನಿನಗಾ? ಗಟ್ಟಿಗಿತ್ತಿಗಾ?”

ಅವಳು ನಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದಳು. ಪಟ್ಟಿ ಜಾರಿದ್ದು, ತಾನು ಕೈಯಿಟ್ಟು ನೋಡದೆ ಇದ್ದದ್ದು, ಸದ್ದು ಜೋರು ಮಾಡಿಕೊಂಡದ್ದು, ಮಗು ಮೇಜಿನ ಮೇಲೆ ಸತ್ತ ಹಾಗೆ ಬಿದ್ದಿದ್ದಾಗ ಏಪ್ರನ್ನಿನೊಳಗೆ ಕೈ ಮುಚ್ಚಿಟ್ಟುಕೊಂಡದ್ದು. ಚೂಟಿ ನಿಂತದ್ದು ಯಾಕೆಂಬುದನ್ನೂ ಹೇಳಿದಳು. ಇನ್ನು ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ, ಬಾಗಿಲ ಬೆಂಚಿನಲ್ಲಿ ಕೂತವರೆಲ್ಲ ಬೊಟ್ಟು ಮಾಡುತ್ತಾರೆ ಎಂದು ಗೊತ್ತಿದ್ದೇ ಹೇಳಿದಳು.

ಮೇಟ್ರನ್ ಎದ್ದು ಹೋಗಿ ಬಾಗಿಲು ಮುಚ್ಚಿದಳು. ತಿರುಗಿ ಬಂದು ಕೂತಳು. “ಇದನ್ನ ನೀನು ಹೇಳಿಲ್ಲ, ನಾನು ಕೇಳಿಸ್ಕೊಂಡಿಲ್ಲ” ಎಂದಳು.

“ಮೇಡಂ...”

“ಮಗು ಬದುಕಿದೆಯಲ್ವಾ? ಮುಗೀತು. ನೀನೂ ಇಲ್ಲ ಅಂದ್ರೆ ನಾನು ವಾರ್ಡಿಗೆ ಬೀಗ ಹಾಕ್ಬೇಕು. ಬೀಗ ಹಾಕಿದ್ರೆ ಈ ಹೆಂಗಸರು ಎಲ್ಲಿ ಹೋಗಿ ಹೆರ್ತಾರೆ ಹೇಳು? ರಸ್ತೇಲಾ?”

ಇಷ್ಟು ದಿನ ಯಾರಿಗಾದರೂ ಗೊತ್ತಾದರೆ ಏನು ಗತಿ ಎಂದು ಅವಳು ಹೆದರುತ್ತಿದ್ದಳು. ಗೊತ್ತಾದರೂ ಯಾರೂ ತನ್ನನ್ನು ತಡೆಯುವುದಿಲ್ಲ ಎಂಬುದು ಈಗ ತಿಳಿಯಿತು. ಇದರಷ್ಟು ದೊಡ್ಡ ಭಯವನ್ನು ಅವಳು ಕಂಡಿರಲಿಲ್ಲ. ಯಾರೂ ಕೂರು ಅನ್ನದಿದ್ದರೂ ಕುರ್ಚಿಯಲ್ಲಿ ಕೂತುಬಿಟ್ಟಳು.

ಆಗ ವಾರ್ಡಿನಿಂದ ಗಂಟೆ ಕೇಳಿಸಿತು. ಯಾರೋ ನೋವಿನಲ್ಲಿ ಗುಂಡಿ ಒತ್ತಿ ಕೈ ತೆಗೆಯುತ್ತಿಲ್ಲ.

“ಏಳು” ಎಂದಳು ಮೇಟ್ರನ್. “ಕರೀತಿದ್ದಾರೆ.”

“ಒಬ್ಳೇ ಹೋಗಲ್ಲ.”

“ಹಟ ಮಾಡೋ ಹೊತ್ತಾ ಇದು?”

“ಹಟ ಅಲ್ಲ ಮೇಡಂ. ನಾನು ಕೇಳುವಾಗ ಆ ತಾಯಿ ಕೈ ಇನ್ನೊಬ್ಬರು ಹಿಡಿದಿರಬೇಕು. ನೀವು ಬನ್ನಿ.”

“ನಾನಾ?” ಮೇಟ್ರನ್ನಿನ ನೆಟ್ಟಗಿನ ಕತ್ತು ಮೊದಲ ಸಲ ಬಾಗಿತು. “ನಾನು ಹೆರಿಗೆ ಕೋಣೆ ಮುಖ ನೋಡಿ ಎಷ್ಟು ಕಾಲ ಆಯ್ತು! ಕೈಗೆ ಮರೆತುಹೋಗಿದೆ.”

“ನಾಡಿ ಹಿಡಿಯೋದು ಮರೆಯುತ್ತಾ?”

ಗಂಟೆ ನಿಲ್ಲಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರು. ಯಾರು ಮೊದಲು ಏಳುತ್ತಾರೆಂದು ನೋಡುವ ಮಕ್ಕಳ ಹಾಗೆ. ಕೊನೆಗೆ ಮೇಟ್ರನ್ ಎಡಗೈಯ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು.

“ನಾನು ಯಾಕೆ ಮೇಟ್ರನ್ ಆದೆ ಅಂದ್ಕೊಂಡಿದ್ದೀಯ?” ಎಂದಳು, ಅವಳ ಮುಖ ನೋಡದೆ. “ನಂಗೂ ಹೀಗೇ ಆಗಿತ್ತು. ನಡಿ.”

ಹಜಾರದಲ್ಲಿ ಸದಾ ಎಲ್ಲರಿಗಿಂತ ಮುಂದೆ ನಡೆಯುವ ಮೇಟ್ರನ್ ಇವತ್ತು ಗಟ್ಟಿಗಿತ್ತಿಯ ಬೆನ್ನಿಗೆ ಅಂಟಿಕೊಂಡು ಬಂದಳು. ಇಬ್ಬರೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡರು. ಇಬ್ಬರ ಎದೆಯೂ ಡವಗುಟ್ಟುತ್ತಿತ್ತು. ಗಟ್ಟಿಗಿತ್ತಿ ಬಾಗಿಲು ತಳ್ಳಿದಳು.

ಮಂಚದ ಮೇಲೆ ಒಬ್ಬ ಹೆಂಗಸು ಗುಂಡಿ ಹಿಡಿದುಕೊಂಡೇ ಬೆವತು ಕೂತಿದ್ದಳು. ಒಳಬಂದ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದಳು. ಕೈಯಿಂದ ಗುಂಡಿ ಬಿಟ್ಟಳು.

“ಸದ್ಯ, ಇಬ್ರು ಬಂದ್ರಿ” ಎಂದಳು. “ಇನ್ನು ನಂಗೆ ಭಯ ಇಲ್ಲ.”